ತುಂಡು ತುಂಡಾಗಿ ಬೆಳೆಯುವ ಎಳೆ

ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪರೀಕ್ಷೆಗೆ ಕೂರುವ ಮಕ್ಕಳು ಮತ್ತೆ ಮತ್ತೆ ಬಿಡಿಸಿ ಕೈ ಪಳಗಿಸಿಕೊಳ್ಳುವ ಒಂದು ಚಿತ್ರವಿದೆ. ಜೋಡಿಯಾಗಿ ಬಂದ ಎರಡು ಗೆರೆಗಳು ಒಂದು ಕಡೆ ಬೇರ್ಪಟ್ಟು ಕವಲಾಗುತ್ತವೆ. ಒಂದು ಕವಲಿನ ಪಕ್ಕದಲ್ಲಿ ಉದ್ದನೆಯ ಒಂದೇ ಬಾಣ. ಇನ್ನೊಂದರ ಪಕ್ಕದಲ್ಲಿ ಮೂರೋ ನಾಲ್ಕೋ ಗಿಡ್ಡ ಬಾಣಗಳು, ಅವೂ ಹಿಮ್ಮುಖವಾಗಿ. ಡಿಎನ್‌ಎ ನಕಲಾಗುವಾಗ ಒಂದೆಳೆ ಎಡೆಬಿಡದೆ ಬೆಳೆಯುತ್ತದೆ, ಇನ್ನೊಂದು ತುಂಡು ತುಂಡಾಗಿ ಬೆಳೆಯುತ್ತದೆ ಎಂದು ಕೆಳಗೆ ಬರೆದು, ಬಾಣಗಳ ದಿಕ್ಕು ತಪ್ಪದಂತೆ ನೋಡಿಕೊಂಡರೆ ಪೂರ್ತಿ ಅಂಕ.

ಚಿತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಬಿಡಿಸುವಾಗ ಯಾರಿಗಾದರೂ ಅನುಮಾನ ಮೂಡಬೇಕು. ಒಂದೇ ಸಲಕ್ಕೆ ಮುಗಿಸಬಹುದಾದ ಕೆಲಸವನ್ನು ಜೀವಕೋಶ ಹೀಗೇಕೆ ತುಂಡರಿಸಿಕೊಂಡು ಮಾಡುತ್ತದೆ? ಈ ಸುತ್ತುಬಳಸು ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿ ನೋಡಿ. ನಮ್ಮ ಒಂದು ಕೋಶದಲ್ಲಿ ತಾಯಿಯ ಕಡೆಯಿಂದ ಸುಮಾರು 300 ಕೋಟಿ, ತಂದೆಯ ಕಡೆಯಿಂದ 300 ಕೋಟಿ, ಒಟ್ಟು 600 ಕೋಟಿ ಅಕ್ಷರಜೋಡಿಗಳಿವೆ. ಕೋಶ ಒಡೆದು ಎರಡಾಗುವ ಮೊದಲು ಇಷ್ಟೂ ನಕಲಾಗಬೇಕು. ನಮ್ಮಲ್ಲಿ ಒಂದೊಂದು ತುಂಡಿನಲ್ಲಿ 100ರಿಂದ 200 ಅಕ್ಷರಗಳಿರುತ್ತವೆ. ಸರಾಸರಿ 150 ಎಂದಿಟ್ಟುಕೊಂಡರೂ ಒಂದೇ ಒಂದು ಕೋಶ ಒಂದು ಸಲ ಒಡೆಯಲು 4 ಕೋಟಿ ತುಂಡುಗಳನ್ನು ಮಾಡಿ, 4 ಕೋಟಿ ಕಡೆ ಬೆಸೆಯಬೇಕು. ಬಾಯಿಯ ಒಳಚರ್ಮ, ಕರುಳಿನ ಒಳಪದರ, ರಕ್ತ ಹುಟ್ಟುವ ಮೂಳೆಮಜ್ಜೆ, ಎಲ್ಲೆಲ್ಲಿ ಕೋಶಗಳು ಒಡೆಯುತ್ತಿವೆಯೋ ಅಲ್ಲೆಲ್ಲ ನೀವು ಈ ಸಾಲನ್ನು ಓದುತ್ತಿರುವಾಗಲೂ ಇದೇ ಕೆಲಸ ನಡೆದಿದೆ.

ಇಷ್ಟು ಶ್ರಮಕ್ಕೆ ಒಂದು ಕಾರಣವಿದೆ. ನನ್ನ ಮಟ್ಟಿಗೆ ಇಡೀ ಜೀವಶಾಸ್ತ್ರದ ಅತ್ಯಂತ ಸೊಗಸಾದ ಕಾರಣಗಳಲ್ಲಿ ಅದೂ ಒಂದು. ಪರೀಕ್ಷೆಯಲ್ಲಿ ಅದನ್ನು ಕೇಳುವುದು ಕಡಿಮೆ.

ಎದುರುಬದುರಾದ ಎಳೆಗಳು

ಡಿಎನ್‌ಎ ಎಂದರೆ ಒಂದಕ್ಕೊಂದು ಹೆಣೆದುಕೊಂಡ ಎರಡು ಉದ್ದನೆಯ ಎಳೆಗಳು. ಪ್ರತಿ ಎಳೆಯಲ್ಲೂ ಎ, ಟಿ, ಜಿ, ಸಿ ಎಂಬ ನಾಲ್ಕು ಬಗೆಯ ಅಕ್ಷರಗಳ ಸಾಲು. ಒಂದು ಎಳೆಯಲ್ಲಿ ಎ ಇದ್ದರೆ ಅದರೆದುರು ಟಿ, ಜಿ ಇದ್ದರೆ ಎದುರು ಸಿ. ಹಾಗಾಗಿ ಎರಡನ್ನೂ ಬಿಡಿಸಿಟ್ಟರೆ ಒಂದನ್ನು ನೋಡಿ ಇನ್ನೊಂದನ್ನು ಬರೆಯಬಹುದು. ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ಈ ರಚನೆಯನ್ನು ಮುಂದಿಟ್ಟಾಗ ನಕಲಿನ ಗುಟ್ಟು ಅರ್ಧ ಬಯಲಾದಂತೆಯೇ ಆಗಿತ್ತು. ಐದು ವರ್ಷಗಳ ನಂತರ, 1958ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಭಾರವಾದ ನೈಟ್ರೋಜನ್ ಉಣಿಸಿ ಬೆಳೆಸಿದ ಬ್ಯಾಕ್ಟೀರಿಯಾಗಳಿಂದ ಅದನ್ನು ಖಚಿತಪಡಿಸಿದರು. ಮರಿಕೋಶ ಪಡೆಯುವ ಡಿಎನ್‌ಎಯಲ್ಲಿ ಒಂದೆಳೆ ಹಳೆಯದು, ಒಂದೆಳೆ ಹೊಸದು.

ಈ ರಚನೆಯಲ್ಲಿ ಓದುಗರ ಕಣ್ಣಿಗೆ ಬೇಗ ಬೀಳದ ಇನ್ನೊಂದು ಸಂಗತಿ ಇದೆ. ಪ್ರತಿ ಎಳೆಗೂ ದಿಕ್ಕಿದೆ. ಅದರ ಎರಡು ತುದಿಗಳು ಒಂದೇ ಥರ ಇಲ್ಲ. ಒಂದು ತುದಿಯಲ್ಲಿ ಫಾಸ್ಫೇಟ್ ಇರುತ್ತದೆ, ಪಠ್ಯಪುಸ್ತಕ ಅದನ್ನು ಐದು ಪ್ರೈಮ್ ತುದಿ ಎನ್ನುತ್ತದೆ. ನಾವು ತಲೆ ಎನ್ನೋಣ. ಇನ್ನೊಂದು ತುದಿಯಲ್ಲಿ ಒಂದು ಆಮ್ಲಜನಕ ಮತ್ತು ಒಂದು ಜಲಜನಕ ಸೇರಿದ ಪುಟ್ಟ ಗುಂಪು. ಅದು ಮೂರು ಪ್ರೈಮ್ ತುದಿ, ನಮಗೆ ಬಾಲ. ಜೋಡಿಯಾದ ಎರಡು ಎಳೆಗಳಲ್ಲಿ ಒಂದರ ತಲೆ ಇರುವ ಕಡೆ ಇನ್ನೊಂದರ ಬಾಲ ಇರುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ಮುಖ ಮಾಡಿ ಹೆಣೆದುಕೊಂಡಿವೆ.

ಈ ಸುಳಿವು ಬಂದದ್ದು ರೋಸಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಅಳತೆಗಳಿಂದ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅವರು ಮಾಡಿದ್ದ ಕೆಲಸದ ಸಾರ 1952ರ ಕೊನೆಯ ಒಂದು ವರದಿಯಲ್ಲಿತ್ತು. ಡಿಎನ್‌ಎ ಹರಳನ್ನು ಅರ್ಧ ಸುತ್ತು ತಿರುಗಿಸಿ ತಲೆಕೆಳಗಾಗಿಸಿದರೂ ಅದು ಹಿಂದಿನಂತೆಯೇ ಕಾಣುತ್ತದೆ ಎಂಬ ಅರ್ಥ ಆ ಅಂಕಿಗಳಲ್ಲಿ ಅಡಗಿತ್ತು. ಒಂದೆಳೆ ಮೇಲ್ಮುಖವಾಗಿ, ಇನ್ನೊಂದು ಕೆಳಮುಖವಾಗಿ ಇದ್ದರೆ ಮಾತ್ರ ಹಾಗಾಗಲು ಸಾಧ್ಯ ಎಂದು ಕ್ರಿಕ್ ಗ್ರಹಿಸಿದರು. ತುಂಡು ತುಂಡಾದ ಎಳೆಯ ಕಥೆಗೆ ಬೀಜ ಬಿದ್ದದ್ದು ಅಲ್ಲೇ, ಆದರೆ ಆಗ ಯಾರಿಗೂ ಅದು ತಿಳಿದಿರಲಿಲ್ಲ.

ಒಂದೇ ದಿಕ್ಕು ಬಲ್ಲ ಕಿಣ್ವ

ಎಳೆಯನ್ನು ನಕಲು ಮಾಡುವ ಕಿಣ್ವವನ್ನು ಮೊದಲು ಕೋಶದಿಂದ ಬೇರ್ಪಡಿಸಿದವರು ಅಮೆರಿಕದ ಆರ್ಥರ್ ಕಾರ್ನ್‌ಬರ್ಗ್. 1956ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾದ ರಸದಿಂದ ಅದನ್ನು ಹೊರತೆಗೆದರು, 1959ರಲ್ಲಿ ನೊಬೆಲ್ ಪಡೆದರು. ಅದರ ಹೆಸರು ಡಿಎನ್‌ಎ ಪಾಲಿಮರೇಸ್. ಇಲ್ಲಿ ಅದನ್ನು ನಕಲುಗಾರ ಎಂದು ಕರೆಯೋಣ.

ನಕಲುಗಾರ ಹೊಸ ಅಕ್ಷರವನ್ನು ಬೆಳೆಯುತ್ತಿರುವ ಎಳೆಯ ಬಾಲಕ್ಕೆ ಮಾತ್ರ ಸೇರಿಸಬಲ್ಲದು, ತಲೆಯ ಕಡೆಗೆ ಎಂದೂ ಸೇರಿಸದು. ಕಾರ್ನ್‌ಬರ್ಗ್ ಅವರ ಕಿಣ್ವ ಮುಖ್ಯವಾಗಿ ದುರಸ್ತಿಯ ಕೆಲಸದ್ದು ಎಂದು ಮುಂದೆ ತಿಳಿಯಿತು. ಬ್ಯಾಕ್ಟೀರಿಯಾದ ನಿಜವಾದ ಮುಖ್ಯ ನಕಲುಗಾರನನ್ನು ಗುರುತಿಸಿದವರಲ್ಲಿ ಅವರ ಮಗ ಥಾಮಸ್ ಕೂಡ ಒಬ್ಬರು. ಅದರದ್ದೂ ಇದೇ ನಿಯಮ. ಆಮೇಲೆ ಬೂಸ್ಟಿನಲ್ಲಿ, ಗಿಡದಲ್ಲಿ, ಪ್ರಾಣಿಗಳಲ್ಲಿ, ವೈರಸ್ಸುಗಳಲ್ಲಿ ಎಷ್ಟು ಡಿಎನ್‌ಎ ನಕಲುಗಾರ ಕಿಣ್ವಗಳು ಸಿಕ್ಕವೋ ಅವೆಲ್ಲ ಬಾಲಕ್ಕೆ ಸೇರಿಸುವಂಥವೇ.

ತೊಡಕು ಇಲ್ಲಿ ಶುರುವಾಗುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಕೇರ್ನ್ಸ್ 1963ರಲ್ಲಿ, ನಕಲಾಗುತ್ತಿರುವ ಬ್ಯಾಕ್ಟೀರಿಯಾ ಡಿಎನ್‌ಎಯ ವಿಕಿರಣಚಿತ್ರಗಳನ್ನು ಪ್ರಕಟಿಸಿದರು. ವಿಕಿರಣ ಸೂಸುವ ಜಲಜನಕವಿದ್ದ ಅಕ್ಷರಗಳನ್ನು ಬ್ಯಾಕ್ಟೀರಿಯಾಗೆ ಉಣಿಸಿ, ಅದರ ಡಿಎನ್‌ಎಯನ್ನು ಮೆಲ್ಲಗೆ ಹರಡಿ, ಮೇಲೆ ಫಿಲ್ಮ್ ಪದರ ಹಾಕಿ ವಾರಗಟ್ಟಲೆ ಕಾದರೆ ಡಿಎನ್‌ಎ ಹಾದಿಯುದ್ದಕ್ಕೂ ಕಪ್ಪು ಚುಕ್ಕೆಗಳು ಮೂಡುತ್ತವೆ. ಅವುಗಳಲ್ಲಿ ಕವಲು ಸ್ಪಷ್ಟವಾಗಿತ್ತು. ಕವಲಿನ ಎರಡೂ ಕೈಗಳಲ್ಲಿ ಹೊಸ ಡಿಎನ್‌ಎ ಜೊತೆಜೊತೆಯಾಗಿಯೇ ಬೆಳೆಯುತ್ತಿರುವಂತೆ ಕಂಡಿತು.

ಎಳೆಗಳು ವಿರುದ್ಧ ದಿಕ್ಕಿನವು. ಕವಲು ಒಂದೇ ದಿಕ್ಕಿಗೆ ಸರಿಯುತ್ತದೆ. ಹಾಗಿದ್ದರೆ ಒಂದು ಹೊಸ ಎಳೆ ಬಾಲದ ಕಡೆಯಿಂದ ಬೆಳೆಯಬೇಕು, ಇನ್ನೊಂದು ತಲೆಯ ಕಡೆಯಿಂದ. ತಲೆಯ ಕಡೆ ಸೇರಿಸುವ ಕಿಣ್ವವೇ ಇಲ್ಲವೆಂದಾದರೆ ಎರಡನೆಯ ಎಳೆ ಬೆಳೆಯುವುದು ಹೇಗೆ? ಇನ್ನೂ ಕಣ್ಣಿಗೆ ಬೀಳದ, ಮತ್ತೊಂದು ದಿಕ್ಕಿನಲ್ಲಿ ಕೆಲಸ ಮಾಡುವ ಕಿಣ್ವವೊಂದು ಎಲ್ಲೋ ಇರಬೇಕು ಎಂಬ ಊಹೆ ಆ ಕಾಲಕ್ಕೆ ಸಹಜವಾಗಿತ್ತು.

ನಗೋಯಾದ ಕೆಲವು ಸೆಕೆಂಡುಗಳು

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ದಂಪತಿ ರೇಜಿ ಒಕಝಾಕಿ ಮತ್ತು ಸುನೆಕೊ ಒಕಝಾಕಿ ಇನ್ನೊಂದು ಸಾಧ್ಯತೆಯನ್ನು ಯೋಚಿಸಿದರು. ದೂರದಿಂದ ನೋಡಿದರೆ ಎರಡನೆಯ ಎಳೆ ಕವಲಿನ ಜೊತೆಗೇ ಮುಂದೆ ಹೋಗುವಂತೆ ಕಾಣಬಹುದು. ಹತ್ತಿರ ಹೋಗಿ ನೋಡಿದರೆ ಅದು ಚಿಕ್ಕ ಚಿಕ್ಕ ತುಂಡುಗಳಾಗಿ ಹಿಮ್ಮುಖವಾಗಿ ಬೆಳೆಯುತ್ತಿರಬಹುದಲ್ಲ? ಕವಲು ಸ್ವಲ್ಪ ತೆರೆದುಕೊಂಡಾಗ ನಕಲುಗಾರ ಕವಲಿನ ಹತ್ತಿರ ಶುರುಮಾಡಿ, ಅಲ್ಲಿಂದ ಹಿಂದಕ್ಕೆ, ಕಳೆದ ಸಲದ ತುಂಡು ಸಿಗುವವರೆಗೆ ಬರೆಯುತ್ತದೆ. ಅಷ್ಟರಲ್ಲಿ ಕವಲು ಮತ್ತಷ್ಟು ತೆರೆದಿರುತ್ತದೆ. ಮತ್ತೆ ಅಲ್ಲಿಗೆ ಹೋಗಿ, ಮತ್ತೆ ಹಿಂದಕ್ಕೆ. ಪ್ರತಿ ತುಂಡೂ ನಿಯಮದಂತೆ ತನ್ನ ಬಾಲದಲ್ಲೇ ಬೆಳೆಯುತ್ತದೆ. ತುಂಡುಗಳ ಸಾಲು ಮಾತ್ರ ಕವಲಿನ ಹಿಂದೆಯೇ ಮುಂದುವರಿಯುತ್ತದೆ. ಹೊಸ ಕಿಣ್ವ ಬೇಕಿಲ್ಲ.

ಊಹೆ ಸರಿಯೇ ಎಂದು ತಿಳಿಯಲು ತುಂಡುಗಳು ಬೆಸೆದುಕೊಳ್ಳುವ ಮೊದಲೇ ಅವುಗಳನ್ನು ಹಿಡಿಯಬೇಕಿತ್ತು. ಬ್ಯಾಕ್ಟೀರಿಯಾದಲ್ಲಿ ನಕಲುಗಾರ ಸೆಕೆಂಡಿಗೆ ಸುಮಾರು 1,000 ಅಕ್ಷರ ಜೋಡಿಸುತ್ತದೆ. ತುಂಡೊಂದು ಹುಟ್ಟಿ ಬೆಸುಗೆಯಾಗಿ ಕಾಣೆಯಾಗಲು ಹೆಚ್ಚು ಹೊತ್ತು ಬೇಡ. ಒಕಝಾಕಿಯವರ ಗುಂಪು ಬ್ಯಾಕ್ಟೀರಿಯಾಗಳನ್ನು 20 ಡಿಗ್ರಿಗೆ ತಂಪಾಗಿಸಿ ಕೆಲಸದ ವೇಗ ತಗ್ಗಿಸಿತು. ಕೆಲವೇ ಸೆಕೆಂಡು ವಿಕಿರಣ ಅಕ್ಷರಗಳನ್ನು ಉಣಿಸಿ ತಕ್ಷಣ ಎಲ್ಲವನ್ನೂ ನಿಲ್ಲಿಸಿತು. ಡಿಎನ್‌ಎ ಹೊರತೆಗೆದು, ಕ್ಷಾರದಲ್ಲಿ ಎಳೆಗಳನ್ನು ಬಿಡಿಸಿ, ಮೇಲಿನಿಂದ ಕೆಳಕ್ಕೆ ಸಾಂದ್ರತೆ ಹೆಚ್ಚುತ್ತ ಹೋಗುವ ಸಕ್ಕರೆ ದ್ರಾವಣದ ಮೇಲೆ ಸುರಿದು ಅತಿವೇಗವಾಗಿ ತಿರುಗಿಸಿತು. ಉದ್ದ ಎಳೆಗಳು ಆಳಕ್ಕೆ ಇಳಿಯುತ್ತವೆ, ಗಿಡ್ಡವು ಮೇಲೆ ಉಳಿಯುತ್ತವೆ. ಕೆಲವೇ ಸೆಕೆಂಡು ಉಣಿಸಿದ ಮಾದರಿಯಲ್ಲಿ ವಿಕಿರಣದ ಬಹುಪಾಲು ಮೇಲಿತ್ತು, ಅಂದರೆ ಈಗಷ್ಟೇ ಹುಟ್ಟಿದ ಡಿಎನ್‌ಎಯಲ್ಲಿ ಹೆಚ್ಚಿನದು 1,000ದಿಂದ 2,000 ಅಕ್ಷರದ ಗಿಡ್ಡ ತುಂಡುಗಳಲ್ಲಿತ್ತು. ಉಣಿಸುವ ಹೊತ್ತನ್ನು ಹೆಚ್ಚಿಸಿದಂತೆ ವಿಕಿರಣ ಆಳದ ಉದ್ದ ಎಳೆಗಳಿಗೆ ದಾಟಿತು.

1968ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಹಲವು ಪ್ರಯೋಗಾಲಯಗಳು ಡಿಎನ್‌ಎಯ ಬಿರುಕುಗಳನ್ನು ಬೆಸೆಯುವ ಲೈಗೇಸ್ ಎಂಬ ಕಿಣ್ವವನ್ನು ಕಂಡುಹಿಡಿದಿದ್ದವು. ನಗೋಯಾದ ಗುಂಪು ಅದನ್ನೂ ಬಳಸಿಕೊಂಡಿತು. ಬಿಸಿಯಾದರೆ ಬೆಸುಗೆ ಕಿಣ್ವ ಕೈಕೊಡುವ ವೈರಸ್ ತಳಿಯನ್ನು ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಬಿಸಿ ಮಾಡಿದಾಗ ಗಿಡ್ಡ ತುಂಡುಗಳು ಬೆಸುಗೆ ಕಾಣದೆ ರಾಶಿಬಿದ್ದವು. ತುಂಡುಗಳು ಡಿಎನ್‌ಎ ಒಡೆದು ಆದವಲ್ಲ, ಡಿಎನ್‌ಎ ಆಗುವ ಹಾದಿಯಲ್ಲಿದ್ದವು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಕಷ್ಟ. ಇಂದಿಗೂ ಅವುಗಳ ಹೆಸರು ಒಕಝಾಕಿ ತುಂಡುಗಳು.

ಇದೇ ಬೆಸುಗೆ ಕಿಣ್ವ ಅದೇ ಹೊತ್ತಿಗೆ ಇನ್ನೊಂದು ಕಡೆಯೂ ದುಡಿಯುತ್ತಿತ್ತು. ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಹರಗೋಬಿಂದ ಖೊರಾನಾ, ರಾಸಾಯನಿಕವಾಗಿ ತಯಾರಿಸಿದ ಗಿಡ್ಡ ಡಿಎನ್‌ಎ ತುಣುಕುಗಳನ್ನು ಲೈಗೇಸ್‌ನಿಂದ ಬೆಸೆದು 77 ಅಕ್ಷರಜೋಡಿಯ ಒಂದು ಪೂರ್ಣ ಜೀನನ್ನು ಕಟ್ಟಿದ್ದಾಗಿ 1970ರಲ್ಲಿ ಪ್ರಕಟಿಸಿದರು. ಮನುಷ್ಯ ಕೈಯಾರೆ ಮಾಡಿದ ಮೊದಲ ಜೀನ್ ಅದು.

ರೇಜಿ ಒಕಝಾಕಿ ಹುಟ್ಟಿದ್ದು 1930ರಲ್ಲಿ, ಹಿರೋಷಿಮಾದಲ್ಲಿ. ಬಾಂಬು ಬಿದ್ದಾಗ 14ರ ಹುಡುಗ, ವಿಕಿರಣಕ್ಕೆ ಈಡಾದವರಲ್ಲಿ ಒಬ್ಬ. 1975ರಲ್ಲಿ, 44ನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿಗೆ ಬಲಿಯಾದರು. ಡಿಎನ್‌ಎ ಹೇಗೆ ತಪ್ಪಿಲ್ಲದೆ ನಕಲಾಗುತ್ತದೆ ಎಂದು ಬದುಕಿಡೀ ಹುಡುಕಿದವರನ್ನು, ಡಿಎನ್‌ಎಯನ್ನೇ ಹಾಳುಗೆಡವುವ ಕಿರಣಗಳು ಕೊಂದವು ಎಂಬುದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಸುನೆಕೊ ಕೆಲಸ ನಿಲ್ಲಿಸಲಿಲ್ಲ. ತುಂಡು ಶುರುವಾಗುವ ಬಗೆಯನ್ನು ಬಿಡಿಸುವ ಕೆಲಸವನ್ನು ಅವರು ಮುಂದುವರಿಸಿದರು. 2021ರಲ್ಲಿ ಜಪಾನ್ ಅವರಿಗೆ ಆರ್ಡರ್ ಆಫ್ ಕಲ್ಚರ್ ಗೌರವ ನೀಡಿತು.

ತುದಿಯಲ್ಲಿ ಶಕ್ತಿ ಯಾರದು?

ತುಂಡುಗಳು ಹೇಗೆ ಬರುತ್ತವೆ ಎಂಬುದು ತಿಳಿಯಿತು. ಏಕೆ ಎಂಬುದು ಉಳಿದೇ ಇದೆ. ತಲೆಯ ಕಡೆಯಿಂದ ಬೆಳೆಸುವ ಇನ್ನೊಂದು ಕಿಣ್ವವನ್ನು ಜೀವಜಗತ್ತು ಇಷ್ಟು ಕಾಲವಾದರೂ ಏಕೆ ಕಟ್ಟಿಕೊಳ್ಳಲಿಲ್ಲ? ಅದಿದ್ದರೆ ತುಂಡೂ ಬೇಡ, ಬೆಸುಗೆಯೂ ಬೇಡ.

ಉತ್ತರ ಇರುವುದು ಅಕ್ಷರ ಜೋಡಿಸಲು ಬೇಕಾಗುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಎರಡು ಅಕ್ಷರಗಳನ್ನು ಬಂಧಿಸಲು ಶಕ್ತಿ ಬೇಕು. ಬಿಡಿಯಾಗಿ ಬರುವ ಪ್ರತಿ ಅಕ್ಷರವೂ ತನ್ನ ತಲೆಯಲ್ಲಿ ಮೂರು ಫಾಸ್ಫೇಟುಗಳ ಸರಣಿ ಹೊತ್ತುಕೊಂಡು ಬರುತ್ತದೆ. ಅದರಲ್ಲಿ ಎರಡು ಕಳಚಿ ಬಿದ್ದಾಗ ಹೊಮ್ಮುವ ಶಕ್ತಿಯಿಂದಲೇ ಬಂಧ ಏರ್ಪಡುತ್ತದೆ. ಬಾಲದ ಕಡೆ ಬೆಳೆಯುವಾಗ ಬರುವ ಅಕ್ಷರದ ತಲೆ ಎಳೆಯ ಬಾಲಕ್ಕೆ ತಾಗುತ್ತದೆ. ಶಕ್ತಿ ತಂದದ್ದು ಹೊಸಬ. ತಲೆಯ ಕಡೆ ಬೆಳೆಯುವುದಾದರೆ ಬರುವ ಅಕ್ಷರದ ಬಾಲ ಎಳೆಯ ತಲೆಗೆ ತಾಗಬೇಕು, ಆಗ ಖರ್ಚಾಗುವುದು ಎಳೆಯ ತುದಿಯಲ್ಲಿರುವ ಮೂರು ಫಾಸ್ಫೇಟು. ಹೊಸಬ ತಂದ ಫಾಸ್ಫೇಟುಗಳು ಅವನ ಮುಂದಿನವನಿಗಾಗಿ ಕಾದಿರುತ್ತವೆ.

ಎಲ್ಲವೂ ಸರಿಯಾಗಿ ನಡೆಯುವವರೆಗೆ ಎರಡು ದಾರಿಗಳಲ್ಲಿ ಯಾವ ವ್ಯತ್ಯಾಸವೂ ಕಾಣದು. ವ್ಯತ್ಯಾಸ ಕಾಣುವುದು ತಪ್ಪಾದಾಗ.

ಹೂ ಕಟ್ಟುವವರ ಕೈ ನೋಡಿ. ಕಟ್ಟಿದ ಮಾಲೆಯ ತುದಿಯಿಂದ ಬಾಳೆನಾರು ಹೊರಬಂದಿರುತ್ತದೆ. ಮುಂದಿನ ಹೂವನ್ನಿಟ್ಟು ಆ ನಾರಿನಿಂದಲೇ ಸುತ್ತು ಹಾಕಿ ಬಿಗಿಯುತ್ತಾರೆ. ನಾರಿರುವುದು ಮಾಲೆಯಲ್ಲಿ, ಹೂವು ಬರಿಗೈಯಲ್ಲಿ ಬರುತ್ತದೆ. ಕೊನೆಗೆ ಕಟ್ಟಿದ್ದು ಕೊಳೆತ ಹೂವೆಂದು ತಿಳಿದು ಅದನ್ನು ಬುಡದಲ್ಲೇ ಕತ್ತರಿಸಿದರೆ ನಾರೂ ಅದರ ಜೊತೆಗೇ ಹೋಗುತ್ತದೆ. ಉಳಿದ ಮಾಲೆಗೆ ಇನ್ನೊಂದು ಹೂವು ಕಟ್ಟಲು ಏನೂ ಇಲ್ಲ. ಈಗ ಪ್ರತಿ ಹೂವೂ ತನ್ನ ತೊಟ್ಟಿನಲ್ಲೇ ಒಂದು ತುಂಡು ನಾರು ತರುತ್ತದೆ ಎಂದುಕೊಳ್ಳಿ. ಕೊಳೆತದ್ದನ್ನು ಕತ್ತರಿಸಿ ಎಸೆದರೂ ಚಿಂತೆಯಿಲ್ಲ. ಮುಂದೆ ಬರುವ ಹೂವು ತನ್ನ ನಾರಿನಿಂದ ತಾನೇ ಕಟ್ಟಿಕೊಳ್ಳುತ್ತದೆ. ತಲೆಯ ಕಡೆ ಬೆಳೆಯುವ ಎಳೆ ಮೊದಲನೆಯ ಮಾಲೆ, ಬಾಲದ ಕಡೆ ಬೆಳೆಯುವ ಎಳೆ ಎರಡನೆಯದು.

ತಲೆಯ ಕಡೆ ಬೆಳೆಯುವ ಎಳೆಯಲ್ಲಿ ತಪ್ಪು ಅಕ್ಷರವನ್ನು ಕತ್ತರಿಸಿದರೆ ಮೂರು ಫಾಸ್ಫೇಟಿನ ತುದಿ ಅದರೊಂದಿಗೆ ಹೋಗುತ್ತದೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಬಾಲದ ಕಡೆ ಬೆಳೆಯುವ ಎಳೆಯಲ್ಲಿ ಎಷ್ಟು ಸಲ ಬೇಕಾದರೂ ಕತ್ತರಿಸಿ ಮತ್ತೆ ಜೋಡಿಸಬಹುದು. ನಕಲುಗಾರ ಮಾಡುವುದೂ ಅದನ್ನೇ. ಅಕ್ಷರವನ್ನು ಸೇರಿಸಿದ ಮೇಲೆ ಎದುರಿನ ಅಕ್ಷರದೊಂದಿಗೆ ಜೋಡಿ ಸರಿಯಾಗಿ ಕೂರದಿದ್ದರೆ ಅದರ ಓಟ ತಡೆಯುತ್ತದೆ, ಎಳೆಯ ತುದಿ ಸಡಿಲಗೊಂಡು ಏಳುತ್ತದೆ. ಎದ್ದ ತುದಿ ಅದೇ ಕಿಣ್ವದ ಇನ್ನೊಂದು ಕುಳಿಗೆ ಜಾರುತ್ತದೆ. ಅಲ್ಲಿ ಕೊನೆಯ ಅಕ್ಷರ ಕತ್ತರಿಸಿ ಹೋಗುತ್ತದೆ, ಶುದ್ಧವಾದ ತುದಿ ಮತ್ತೆ ಮೊದಲಿನ ಜಾಗಕ್ಕೆ ಬಂದು ಬರವಣಿಗೆ ಮುಂದುವರಿಯುತ್ತದೆ. 1972ರಲ್ಲಿ ಡಗ್ಲಸ್ ಬ್ರುಟ್ಲಾಗ್ ಮತ್ತು ಕಾರ್ನ್‌ಬರ್ಗ್, ತುದಿಯಲ್ಲಿ ಬೇಕೆಂದೇ ತಪ್ಪು ಅಕ್ಷರವಿಟ್ಟು ನೋಡಿದಾಗ ಕಿಣ್ವ ಮೊದಲು ಅದನ್ನು ಕಿತ್ತು ಆಮೇಲಷ್ಟೇ ಮುಂದುವರಿಯುವುದನ್ನು ತೋರಿಸಿದರು. 1985ರಲ್ಲಿ ಥಾಮಸ್ ಸ್ಟೈಟ್ಸ್ ಅವರ ಗುಂಪು ಕಾರ್ನ್‌ಬರ್ಗ್ ಕಿಣ್ವದ ಮುಖ್ಯ ಭಾಗದ ಆಕಾರವನ್ನೇ ಬಿಡಿಸಿಟ್ಟಿತು. ಬರೆಯುವ ಜಾಗಕ್ಕೂ ಅಳಿಸುವ ಜಾಗಕ್ಕೂ ನಡುವೆ ಇದ್ದದ್ದು ಸುಮಾರು 3 ನ್ಯಾನೋಮೀಟರ್.

ಅಳಿಸುವ ಈ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂದು ಅಂಕಿಗಳೇ ಹೇಳುತ್ತವೆ. ಅಳಿಸದೆ ಬರೆದರೆ ನಕಲುಗಾರ ಸುಮಾರು ಒಂದು ಲಕ್ಷ ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದೆ. ನಮ್ಮ ಕೋಶ ಒಡೆಯುವಾಗ ಹೊಸದಾಗಿ ಬರೆಯಬೇಕಾದ ಅಕ್ಷರ 1,200 ಕೋಟಿ. ಅಂದರೆ ಒಂದೊಂದು ಒಡೆತಕ್ಕೂ 1 ಲಕ್ಷ 20 ಸಾವಿರ ತಪ್ಪುಗಳು. ಅಳಿಸಿ ಬರೆಯುವುದರಿಂದ ತಪ್ಪು ಸುಮಾರು ನೂರು ಪಟ್ಟು ತಗ್ಗುತ್ತದೆ. ಆಮೇಲೆ ಬೇರೆ ದುರಸ್ತಿ ಕಿಣ್ವಗಳು ಬಂದು ಉಳಿದವುಗಳಲ್ಲಿ ಬಹುಪಾಲನ್ನು ಸರಿಪಡಿಸಿದಾಗ ನೂರು ಕೋಟಿ ಅಕ್ಷರಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ ತಪ್ಪು ಉಳಿಯುತ್ತದೆ. ನಕಲುಗಾರನ ಅಳಿಸುವ ಕುಳಿಯಲ್ಲೇ ದೋಷವಿರುವ ಕುಟುಂಬಗಳೂ ಇವೆ. ಅಂಥವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಅಪಾಯ ಹೆಚ್ಚು, ಅವರ ಗೆಡ್ಡೆಗಳಲ್ಲಿ ಡಿಎನ್‌ಎ ತಪ್ಪುಗಳು ವಿಪರೀತ.

ತಲೆಯ ಕಡೆಗೆ ಅಕ್ಷರ ಸೇರಿಸುವ ರಸಾಯನ ಕ್ರಿಯೆಯೇ ಅಸಾಧ್ಯವಿರಬಹುದಲ್ಲ ಎಂದು ಕೇಳುವವರಿಗೆ ಪ್ರಕೃತಿಯೇ ಉತ್ತರ ಕೊಟ್ಟಿದೆ. ಬೂಸ್ಟಿನ ಜಾತಿಯ ಯೀಸ್ಟ್‌ನಲ್ಲಿ ಒಂದು ಕಿಣ್ವವಿದೆ. ಒಂದು ಪುಟ್ಟ ಆರ್‌ಎನ್‌ಎ ಅಣುವಿನ ತಲೆಗೆ ಒಂದು ಜಿ ಅಕ್ಷರ ಸೇರಿಸುವುದೇ ಅದರ ಕೆಲಸ. ಅದರ ಆಕಾರ ನೋಡಿದರೆ ಮಾಮೂಲಿ ನಕಲುಗಾರ ಕಿಣ್ವಗಳ ನೆಂಟನಂತಿದೆ. ಹಾಗಾಗಿ ಹಿಮ್ಮುಖ ಜೋಡಣೆ ಸಾಧ್ಯ. ಒಂದೇ ಅಕ್ಷರ ಸೇರಿಸುವಲ್ಲಿ ಅದು ನಡೆಯುತ್ತದೆ. ಕೋಟಿಗಟ್ಟಲೆ ಅಕ್ಷರಗಳನ್ನು ತಪ್ಪಿಲ್ಲದೆ ಬರೆಯಬೇಕಾದಲ್ಲಿ ಜೀವಿಗಳು ಅದನ್ನು ನೆಚ್ಚಿಕೊಂಡಿಲ್ಲ. ಈ ವಿವರಣೆ ಸರಿ ಎಂದು ನಾನು ನಂಬಲು ಈ ಯೀಸ್ಟ್ ಕಿಣ್ವ ದೊಡ್ಡ ಕಾರಣ.

ಮೊದಲ ಅಕ್ಷರದ ತೊಡಕು

ಪಠ್ಯದಲ್ಲಿ ಬೇರೆ ಅಂಶವಾಗಿ ಬಾಯಿಪಾಠ ಮಾಡಿಸುವ ಇನ್ನೊಂದು ಸಂಗತಿಯೂ ಇದೇ ಬೇರಿನದು. ನಕಲುಗಾರ ಖಾಲಿ ಜಾಗದಲ್ಲಿ ಮೊದಲ ಅಕ್ಷರ ಬರೆಯಲಾರದು. ಮೊದಲೇ ಒಂದು ಗಿಡ್ಡ ತುಣುಕು ಇರಬೇಕು, ಅದರ ಬಾಲಕ್ಕಷ್ಟೇ ಅದು ಸೇರಿಸುತ್ತದೆ. ಆ ತುಣುಕನ್ನು ಪ್ರೈಮರ್ ಎನ್ನುತ್ತಾರೆ, ಮುನ್ನೆಳೆ ಎನ್ನಬಹುದು. ಸುಮಾರು ಹತ್ತು ಅಕ್ಷರದ್ದು. ಅದನ್ನು ಹಾಕುವುದು ಬೇರೆ ಕಿಣ್ವ, ಅದೂ ಡಿಎನ್‌ಎಯಲ್ಲಲ್ಲ, ಅದರ ಸೋದರ ಅಣುವಾದ ಆರ್‌ಎನ್‌ಎಯಲ್ಲಿ.

ತುದಿಯ ಜೋಡಿ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಮುಂದುವರಿಯುವ ಕಿಣ್ವಕ್ಕೆ, ಪರೀಕ್ಷಿಸಲು ತುದಿಯೇ ಇಲ್ಲದಿದ್ದರೆ ಶುರುಮಾಡಲು ಬರುವುದಿಲ್ಲ. ಖಾಲಿ ಜಾಗದಲ್ಲಿ ಶುರುಮಾಡಬಲ್ಲ ಕಿಣ್ವ ಅಷ್ಟು ಕಟ್ಟುನಿಟ್ಟಾಗಿರಲಾರದು, ಅದು ತಪ್ಪು ಹೆಚ್ಚು ಮಾಡುತ್ತದೆ. ಆದ್ದರಿಂದ ಆ ಭಾಗವನ್ನು ಆರ್‌ಎನ್‌ಎಯಲ್ಲಿ ಬರೆದಿಡುವುದು ಜಾಣತನ. ಆರ್‌ಎನ್‌ಎ ಕಂಡಲ್ಲಿ ಅದನ್ನು ಕಿತ್ತುಹಾಕಬೇಕೆಂದು ದುರಸ್ತಿ ಕಿಣ್ವಗಳಿಗೆ ತಾನಾಗಿ ಗೊತ್ತಾಗುತ್ತದೆ. ಹಿಂದಿನಿಂದ ಬರೆಯುತ್ತ ಬರುವ ನಕಲುಗಾರ ಆ ಖಾಲಿ ಜಾಗವನ್ನು ಡಿಎನ್‌ಎಯಿಂದ ತುಂಬುತ್ತದೆ, ಕೊನೆಗೆ ಲೈಗೇಸ್ ಬೆಸೆಯುತ್ತದೆ. ಪ್ರತಿ ಒಕಝಾಕಿ ತುಂಡಿಗೂ ಹೀಗೆ ಒಂದು ಮುನ್ನೆಳೆ. ಸುನೆಕೊ ಅವರ ಪ್ರಯೋಗಾಲಯ ಹಿಡಿದು ತೋರಿಸಿದ್ದು ಈ ಆರ್‌ಎನ್‌ಎ ಮುನ್ನೆಳೆಗಳನ್ನೇ.

ಅಂಚಿನಲ್ಲಿ ಉಳಿಯುವ ಬಾಕಿ

ಬ್ಯಾಕ್ಟೀರಿಯಾದ ಡಿಎನ್‌ಎ ಸಾಮಾನ್ಯವಾಗಿ ಬಳೆಯಂತೆ ಮುಚ್ಚಿಕೊಂಡಿರುತ್ತದೆ, ಅದಕ್ಕೆ ಅಂಚಿಲ್ಲ. ನಮ್ಮ ವರ್ಣತಂತುಗಳಿಗೆ ಅಂಚಿದೆ. ಕೊನೆಯ ತುಂಡಿನ ಮುನ್ನೆಳೆಯನ್ನು ಕಿತ್ತ ಮೇಲೆ ಆ ಜಾಗ ತುಂಬಲು ಅದರ ಹಿಂದೆ ಇನ್ನೊಂದು ತುಂಡಿಲ್ಲ. ಹೀಗಾಗಿ ಪ್ರತಿ ನಕಲಿನಲ್ಲೂ ಅಂಚು ಸ್ವಲ್ಪ ಮೋಟಾಗುತ್ತದೆ. ಸೋವಿಯತ್ ವಿಜ್ಞಾನಿ ಅಲೆಕ್ಸಿ ಒಲೊವ್ನಿಕೋವ್ ಇದನ್ನು 1971ರಲ್ಲೇ ತರ್ಕದಿಂದ ಕಂಡುಕೊಂಡಿದ್ದರು. ನಮ್ಮ ಅಂಚುಗಳಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳು ಸಾವಿರಾರು ಸಲ ಮರುಕಳಿಸುತ್ತವೆ. ಅವುಗಳಲ್ಲಿ ಯಾವ ಪ್ರೊಟೀನಿನ ಮಾಹಿತಿಯೂ ಇಲ್ಲದ ಕಾರಣ ಸವೆದರೂ ಬಹುಕಾಲ ನಷ್ಟವಾಗದು. ಈ ಅಂಚನ್ನು ಮತ್ತೆ ಉದ್ದ ಮಾಡುವ ಟೆಲೊಮರೇಸ್ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರಲ್ ಗ್ರೈಡರ್ ಕೊಳದ ನೀರಿನ ಒಂದು ಏಕಕೋಶ ಜೀವಿಯಲ್ಲಿ ಕಂಡುಹಿಡಿದರು. ಜಾಕ್ ಶೋಸ್ಟಾಕ್ ಅವರೊಂದಿಗೆ 2009ರ ನೊಬೆಲ್ ಹಂಚಿಕೊಂಡರು. ನಮ್ಮ ಬಹುಪಾಲು ದೇಹಕೋಶಗಳಲ್ಲಿ ಅದು ಸುಮ್ಮನಿರುತ್ತದೆ, ಹೆಚ್ಚಿನ ಕ್ಯಾನ್ಸರ್ ಕೋಶಗಳಲ್ಲಿ ಎದ್ದು ಕೂರುತ್ತದೆ.

ಅಳಿಸಿ ಬರೆಯುವ ವೈರಸ್ಸು

ಅಳಿಸುವ ಶಕ್ತಿಯಿಲ್ಲದೆ ಬದುಕುವ ಜೀವಿಗಳಿವೆಯೇ? ವೈರಸ್ಸುಗಳಲ್ಲಿ ಇವೆ. ಏಡ್ಸ್ ತರುವ ಎಚ್‌ಐವಿಯ ನಕಲುಗಾರನಿಗೆ ತಪ್ಪು ಅಳಿಸುವ ಕುಳಿ ಇಲ್ಲ. ಫ್ಲೂ ವೈರಸ್ಸಿನದ್ದಕ್ಕೂ ಇಲ್ಲ. ಅವು ಮೇಲಿಂದ ಮೇಲೆ ಬದಲಾಗುತ್ತ ಔಷಧಿಯಿಂದಲೂ ಲಸಿಕೆಯಿಂದಲೂ ನುಣುಚಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಎಚ್‌ಐವಿಗೆ ಒಂದೇ ಔಷಧ ಸಾಲದೆ ಹಲವನ್ನು ಒಟ್ಟಿಗೆ ಕೊಡಬೇಕಾದದ್ದೂ ಅದರಿಂದಲೇ. ಆದರೆ ತಪ್ಪು ಹೆಚ್ಚಾದರೆ ವೈರಸ್ಸೂ ಕೆಡುತ್ತದೆ, ಹಾಗಾಗಿ ಅಂಥವು ಚಿಕ್ಕದಾಗಿಯೇ ಉಳಿಯಬೇಕಾಗುತ್ತದೆ. ಎಚ್‌ಐವಿಯ ಬರಹ 10,000 ಅಕ್ಷರವನ್ನೂ ಮುಟ್ಟುವುದಿಲ್ಲ, ಫ್ಲೂ ವೈರಸ್ಸಿನದು 13,500ರ ಆಸುಪಾಸು.

ಕೊರೊನಾ ವೈರಸ್ಸಿನದು ಸುಮಾರು 30,000. ಆರ್‌ಎನ್‌ಎ ವೈರಸ್ಸುಗಳ ನಡುವೆ ಇದು ಬಹಳ ಉದ್ದ. ಅಷ್ಟನ್ನು ಅದು ನಿಭಾಯಿಸುವುದು ಎಳೆಯ ಬಾಲದಿಂದ ತಪ್ಪು ಅಕ್ಷರವನ್ನು ಕತ್ತರಿಸುವ ಪ್ರತ್ಯೇಕ ಪ್ರೊಟೀನೊಂದನ್ನು ಇಟ್ಟುಕೊಂಡಿರುವುದರಿಂದ. ಅದರ ಎಳೆಯೂ ಬಾಲದಲ್ಲೇ ಬೆಳೆಯುತ್ತದೆ, ಬರುವ ಅಕ್ಷರವೇ ಶಕ್ತಿ ತರುತ್ತದೆ. ಆದ್ದರಿಂದ ಕತ್ತರಿಸಿದ ಮೇಲೂ ಬರವಣಿಗೆ ಮುಂದುವರಿಯುತ್ತದೆ. ವೈರಸ್ಸನ್ನು ನಕಲಿ ಅಕ್ಷರಗಳಿಂದ ಮೋಸಗೊಳಿಸುವ ಹಳೆಯ ಔಷಧಗಳಲ್ಲಿ ಹಲವು ಇದರೆದುರು ಸೋಲುವುದೂ ಅದಕ್ಕೇ. ಎಳೆಯ ತುದಿಯಲ್ಲಿ ಅಡ್ಡ ಕೂತ ನಕಲಿ ಅಕ್ಷರವನ್ನು ಅದು ಕಿತ್ತೆಸೆಯುತ್ತದೆ.

2021ರ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಜನ ಒಂದೊಂದು ಸೀಸೆಗಾಗಿ ಹುಡುಕಿ ಅಲೆದ ರೆಮ್ಡೆಸಿವಿರ್ ಕೂಡ ನಕಲಿ ಅಕ್ಷರವೇ, ಎ ಅಕ್ಷರದ ವೇಷ ತೊಟ್ಟದ್ದು. ರೋಗಿಗಳಲ್ಲಿ ಅದರ ಪ್ರಯೋಜನ ಸೀಮಿತ ಎಂದು ದೊಡ್ಡ ಪ್ರಯೋಗಗಳು ಹೇಳಿದವು. ಅದು ಕೆಲಸ ಮಾಡುವ ರೀತಿ ಮಾತ್ರ ಗಮನಿಸಬೇಕಾದದ್ದು. ಎಳೆಗೆ ಸೇರಿದ ಕೂಡಲೇ ಅದು ಬೆಳವಣಿಗೆಯನ್ನು ತಡೆಯುವುದಿಲ್ಲ. ಇನ್ನೂ ಮೂರು ಅಕ್ಷರ ಸೇರಲು ಬಿಟ್ಟು, ಆಮೇಲೆ ಕಿಣ್ವದ ಒಳಗೋಡೆಗೆ ತಗುಲಿ ಓಟವನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ನಕಲಿ ಅಕ್ಷರ ಎಳೆಯ ಒಳಗೆ ಸೇರಿಹೋಗಿರುತ್ತದೆ. ತುದಿಯಲ್ಲಿರುವ ಮೂರೂ ಅಕ್ಷರ ಸರಿಯಾದವೇ, ಜೋಡಿಯೂ ಸರಿಯಾಗಿಯೇ ಕೂತಿರುತ್ತದೆ. ತುದಿಯನ್ನು ಮಾತ್ರ ಪರೀಕ್ಷಿಸುವ ಅಳಿಸುವ ಪ್ರೊಟೀನಿಗೆ ಅಲ್ಲಿ ಕತ್ತರಿಸಬೇಕಾದದ್ದು ಸುಲಭವಾಗಿ ಕಾಣುವುದಿಲ್ಲ.